ಗರುಡ ಅಂತ ಹದ್ದಿಗೆ ಕೈ ಮುಗದಿದ್ದು

ಈಗಿನ ಮಂದಿ ಹಕ್ಕಿ ನೋಡಾಕ ದುರ್ಬೀನು ತೊಗೊಂಡು ಹೋಗ್ತಾರ. ನಾ ಕಲತಿದ್ದು ಕೋಳಿ ಮರಿ ಕಾಯಾಕ ಹೋಗಿ.

ಎಂಬತ್ತರ ದಶಕ. ತಂಬೂರ ಕೆರಿ ಬಾಜುಕ ನಮ್ಮ ಮನಿ, ನಂಗ ಹತ್ತು ವರ್ಷ, ಬ್ಯಾಸಗಿ ಸೂಟಿ. ನಮ್ಮ ಕಾಕಿ ಸಾಕಿದ್ದ ಕೋಳಿ ಏಳು ಮರಿ ಮಾಡಿತ್ತು. ಒಂದರ ಬೆನ್ನ ಮ್ಯಾಲ ಕರೇ ಗೆರಿ. ‘ಸೂಟಿ ಮುಗಿಯೂತನಕ ಕಾಯಿ. ಗೆರಿ ಮರಿ ಉಳದ್ರ ಅದು ನಿಂದ,’ ಅಂದ್ಲು ಕಾಕಿ.

ನಮ್ಮಪ್ಪನ ಅವ್ವಗ ನಾವು ಆಯಿ ಅಂತಿದ್ವಿ. ಆಯಿದೊಂದು ಕಾನೂನು: ಹದ್ದು ಬಂದ್ರ ಕಲ್ಲು ಒಗಿ, ಗರುಡ ಬಂದ್ರ ಕೈ ಮುಗಿ. ಗರುಡಗ ಕಲ್ಲು ಒಗದ್ರ ಆಯಿ ಊಟಾನ ಮಾಡೂದಿಲ್ಲ. ಗರುಡ ಅಂದ್ರ ಕೆಂಪ ಮೈ, ಬಿಳೇ ತಲಿ, ಹದ್ದು ಅಂದ್ರ ಮಣ್ಣಬಣ್ಣ, ಇಷ್ಟ ನಂಗ ಗೊತ್ತಿದ್ದದ್ದು.

ಒಂದಿನ ಮುಂಜಾನಿ ಎಳಿ ಬಿಸಲಾಗ ಕೆಂಪಗ ಹೊಳಿಯೂ ಹಕ್ಕಿ, ಮರಿ ಮೇಯೂ ತಿಪ್ಪಿ ಮ್ಯಾಲ ಸುತ್ತಾಕ ಹತ್ತಿತು. ಗರುಡ ಅಂತ ತಿಳದು ಕೈ ಮುಗದೆ, ಭಕ್ತಿಲೆ ಕಣ್ಣೂ ಮುಚ್ಚಿದೆ. ಕಣ್ಣ ತಗದ್ರ ಆರ ಮರಿ.

‘ಯಾರಿಗೆ ಕೈ ಮುಗದಿಲೇ?’ ಅಂದ್ಲು ಕಾಕಿ.

‘ಗರುಡಗ.’

‘ಅಗದಿ ಶಾಣ್ಯಾಕಿ ನೋಡು. ಹದ್ದಿಗೆ ನಮಸ್ಕಾರ ಮಾಡಿ, ಮರಿ ಕೊಟ್ಟು ಕಳಿಸ್ಯಾಳ.’

ಗೆರಿ ಮರಿ ಉಳದಿತ್ತು. ಆದ್ರ ನಂಗ ಅಂಜಿಕಿ ಹತ್ತಿತು. ಕೆರಿ ದಂಡಿಗೆ ಎಮ್ಮಿ ಮೈ ತೊಳಿಯೂ ಒಬ್ಬ ಅಜ್ಜನ್ನ ಕೇಳಿದೆ, ‘ಅಜ್ಜಾ, ಹದ್ದು ಯಾವುದು, ಗರುಡ ಯಾವುದು, ಹೆಂಗ ಗೊತ್ತಾಗ್ತೈತ್ರಿ?’

‘ಬಣ್ಣ ನಂಬಬ್ಯಾಡ ತಂಗಿ. ಬಿಳೇ ತಲಿ ಅಂತೀರಿ, ಗರುಡನ ಮರಿಗೆ ಬಿಳೇ ತಲಿ ಇರೂದಿಲ್ಲ, ಹದ್ದಿನಂಗ ಕಾಣ್ತೈತಿ. ಬಾಲ ನೋಡು. ಹದ್ದಿಂದು ನಡುವ ಸೀಳಿದಂಗಿರ್ತೈತಿ, ಗರುಡಂದು ಬೀಸಣಿಗಿ ಹಂಗ ದುಂಡಗ.’

ಎಂಟು ದಿನ ಕೆರಿ ದಂಡಿ ಮ್ಯಾಲ ಕುಂತು ಬಾಲ ನೋಡಿದ್ದ ನೋಡಿದ್ದು. ಕುತ್ತಿಗಿ ಹಿಡಕೊಂತು, ಕಣ್ಣು ಪಳಗಿತು. ಆಮ್ಯಾಲ ಬಿಡ್ರಿ, ಎಷ್ಟ ಮ್ಯಾಲ ಇದ್ರೂ ಹೇಳ್ತಿದ್ದೆ.

ಒಂದಿನ ಮಧ್ಯಾಹ್ನ ಮಣ್ಣಬಣ್ಣದ ಹಕ್ಕಿ ಬಂತು. ಕಾಕಿ ಒಳಗಿಂದ, ‘ಹದ್ದು ಬಂತು, ಒಗಿ ಲೇ,’ ಅಂದ್ಲು.

ನಾ ಬಾಲ ನೋಡಿದೆ. ದುಂಡಗ. ‘ಅದು ಗರುಡ. ಇನ್ನಾ ಸಣ್ಣದು.’

ಕಟ್ಟಿ ಮ್ಯಾಲ ಕುಂತಿದ್ದ ಆಯಿ ಲಗೂನ ಕೈ ಮುಗದ್ಲು. ನಾನೂ ಮುಗದೆ, ಈ ಸಲ ಕಣ್ಣ ಮುಚ್ಚಲಿಲ್ಲ. ನೋಡಿದ್ರ, ಗರುಡ ಸೀದಾ ಗೆರಿ ಮರಿ ಮ್ಯಾಲ ಇಳ್ಯಾಕ ಹತ್ತೇತಿ. ಕಲ್ಲು ಒಗಿಯೂ ಹಂಗಿಲ್ಲ. ತಗಡಿನ ಡಬ್ಬಿ ತೊಗೊಂಡು ಕಟಗಿಲೆ ಧಡಧಡ ಬಡದೆ. ಗರುಡ ಬೆದರಿ ಕೆರಿ ಕಡೆ ಹೋತು. ಮರಿಗೋಳು ಅವ್ವನ ರೆಕ್ಕಿ ಒಳಗ ಸೇರಿದ್ವು. ಎಣಿಸಿದೆ, ಆರು.

ಕಾಕಿ ಆಯಿ ಮಾರಿ ನೋಡಿದ್ಲು. ಆಯಿ ಮುಗದ ಕೈ ಬಿಡಲಾರದ ಅಂದ್ಲು, ‘ಗರುಡಗೂ ಹೊಟ್ಟಿ ಇರ್ತೈತಿ ಬಿಡು. ಇನ್ಮ್ಯಾಲೆ ಕೈಯೂ ಮುಗಿ, ಡಬ್ಬಿನೂ ಬಡಿ.’

ಸೂಟಿ ಮುಗೀತು, ಗೆರಿ ಮರಿ ನಂದಾತು. ಅದು ಬೆಳದು ಹುಂಜ ಆಗಿ, ಬಾಕಿ ಎಲ್ಲಾರ್ನ ಬಿಟ್ಟು ದಿನಾ ನನ್ನ ಕಾಲಿಗೇ ಕುಕ್ಕತಿತ್ತು.