ಒಂದು ದಿನ ಸರಿದ ಪಂಚಮಿ

ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲಿನ ಮಹಡಿಯಲ್ಲಿ ವಿದ್ಯಾಧೀಶನ ಸಾಮ್ರಾಜ್ಯ. ಕೆಲವು ಹಳೆಯ ಕಂಪ್ಯೂಟರ್‌ಗಳು, ನರಳುವ ಒಂದು ಫ್ಯಾನು, ಸಂಡೂರು, ಕುರೆಕುಪ್ಪಗಳಿಂದ ಬಸ್ಸಿಗೆ ಜೋತುಬಿದ್ದು ಬರುವ ಪ್ರಜೆಗಳು. ಅವರಿಗೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವಾಗ ಅವನ ದನಿಗೆ ರಣಕಹಳೆಯ ಕಳೆ. ಐವತ್ತರ ಹತ್ತಿರದ ಈ ಬ್ರಹ್ಮಚಾರಿಗೆ ಜಗತ್ತಿನಲ್ಲಿ ಶತ್ರು ಒಬ್ಬನೇ: ಬದಲಾವಣೆ. ಅದರ ಮೇಲೆ ಅವನ ಬ್ರಹ್ಮಾಸ್ತ್ರ ‘ಕಾನ್‌ಸ್ಟ್’. ಒಂದು ಹೆಸರಿನ ಮುಂದೆ ಅದನ್ನು ಬರೆದರೆ, ಆ ಹೆಸರನ್ನು ಬೇರೆ ಯಾವುದಕ್ಕೂ ಕೊಡಲು ಯಂತ್ರ ಒಪ್ಪುವುದಿಲ್ಲ.

“ಆದ್ರ ಕಾವಲು ಡಬ್ಬಿಗಷ್ಟ, ಒಳಗಿನ ಚಕ್ಕಲಿಗಲ್ಲ,” ಎಂದು ಅವನೇ ಎಚ್ಚರಿಸುತ್ತಿದ್ದ. “ಡಬ್ಬಿ ಬದಲಿಸ್ಲಿಕ್ಕೆ ಬರಂಗಿಲ್ಲ. ಚಕ್ಕಲಿ ತಿಂದು ಖಾಲಿ ಮಾಡಿದ್ರ ಯಾರೂ ಕೇಳಂಗಿಲ್ಲ.”

ಹೋದ ವರ್ಷ ತಾಯಿ ತೀರಿಕೊಂಡಾಗ ಅವನು ಅತ್ತದ್ದನ್ನು ಯಾರೂ ಕಾಣಲಿಲ್ಲ. ಅಳುವ ಬದಲು ಒಂದು ಪ್ರೋಗ್ರಾಮ್ ಬರೆದ. ಪುರೋಹಿತ ತಿರುಮಲಾಚಾರ್ಯರು ಯುಗಾದಿಗೆ ಪಂಚಾಂಗ ನೋಡಿ, ಯಾರ ಮನೆಯ ಶ್ರಾದ್ಧ ಯಾವ ತಾರೀಖಿಗೆ ಎಂದು ಹೇಳಿದರೆ ಸಾಕು. ಹಿಂದಿನ ದಿನ ಅವರ ಮೊಬೈಲಿಗೂ ಮನೆಯವರ ಮೊಬೈಲಿಗೂ ಸಂದೇಶ ಹೋಗುತ್ತದೆ. ಮೊನ್ನೆ ಅದಕ್ಕೊಂದು ಸುಧಾರಣೆ ಮಾಡಿದ: ಶ್ರಾದ್ಧದ ಮರುದಿನ, ಅಡಿಗೆಗೆ ತಂದ ಮಠದ ಪಾತ್ರೆ ತಿರುಗಿ ಕೊಡಿ ಎಂಬ ನೆನಪೋಲೆ. ಊರವರ ಮೇಲೆ ಬಿಡುವ ಮುನ್ನ ಮೊದಲ ಪ್ರಯೋಗ ತನ್ನ ಮನೆಯಲ್ಲೇ, ತಾಯಿಯ ಮೊದಲ ವರ್ಷದ ತಿಥಿಗೇ ಆಗಲಿ ಎಂದುಕೊಂಡ.

ಒಂದು ಬೆಳಿಗ್ಗೆ ಪಾಠದ ನಡುವೆ ಕಂಪ್ಲಿಯಿಂದ ಅಕ್ಕ ಶ್ರೀಲಕ್ಷ್ಮಿಯ ಫೋನು.

“ವಿದ್ಯಾ, ಇವತ್ತ ಅಲ್ಲೇನೋ ಅಮ್ಮನ ಪಂಚಮಿ? ನಮ್ಮನಿ ಕ್ಯಾಲೆಂಡರ್‌ನಾಗ ಹಂಗೈತಿ.”

“ನಾಳೆ ಅಕ್ಕ. ಮೆಸೇಜ್ ಈಗರ ಬಂತು.”

“ಮತ್ತೆ ಇದರಾಗ?”

“ಒಂದೊಂದು ಪಂಚಾಂಗದಾಗ ಒಂದೊಂದು ದಿನ ಬರ್ತದ. ನಾ ಆಚಾರ್ರ ಕೊಟ್ಟ ತಾರೀಖಿಗೇ ಕಾನ್‌ಸ್ಟ್ ಹಾಕೀನಿ. ಬ್ರಹ್ಮ ಬಂದ್ರೂ ಅಲ್ಲಾಡಂಗಿಲ್ಲ.”

“ನಿನ್ನ ಬ್ರಹ್ಮನ್ನ ಆಮ್ಯಾಲ ನೋಡೋಣು. ಆಚಾರ್ರನ್ನ ಒಂದ್ಮಾತು ಕೇಳಲೇ.”

ಅವನು ಕೇಳಲಿಲ್ಲ. ಚಕ್ರವರ್ತಿಗಳು ತಮ್ಮ ಶಾಸನವನ್ನು ಎರಡನೆಯವರಿಂದ ಓದಿಸುವುದಿಲ್ಲ. ತಿಥಿ ಆ ದಿನವೇ ಆಗಿದ್ದರೂ ಶ್ರಾದ್ಧಕ್ಕೆ ಮಧ್ಯಾಹ್ನದವರೆಗೆ ಸಮಯವಿತ್ತು, ಆ ಸಮಯವೆಲ್ಲ ಪಾಠದಲ್ಲಿ ಕಳೆಯಿತು.

ಮರುದಿನ ಅಕ್ಕ ಕಂಪ್ಲಿಯಿಂದ ಬಂದು, ಮಡಿಯುಟ್ಟು ಅಡಿಗೆ ಮಾಡಿದಳು. ಪಾಯಸದ ಪರಿಮಳ ಬೀದಿಗೆ ಇಳಿಯಿತು. ತಿರುಮಲಾಚಾರ್ಯರು ಬಂದು ಕೂತು, ಸಂಕಲ್ಪ ಹೇಳಿಸುತ್ತ ಸಂವತ್ಸರ, ಮಾಸ, ಪಕ್ಷ ದಾಟಿ, ‘ಷಷ್ಠ್ಯಾಂ’ ಎಂದವರೇ ನಿಂತುಬಿಟ್ಟರು.

“ನಿಮ್ಮ ತಾಯಿಯವರದು ಯಾವ ತಿಥಿ?”

“ಪಂಚಮಿ.”

“ಪಂಚಮಿ ನಿನ್ನೇನೇ ಆತಲ್ಲೋ! ನಾ ಕೊಟ್ಟ ತಾರೀಖೂ ನಿನ್ನೇದೇ ಇರಬೇಕು. ಮೆಸೇಜ್ ಬಂತಂತ ನಾನೂ ನೋಡಲಿಲ್ಲ. ದಿನಕ್ಕ ಎಷ್ಟು ಮನಿ ಅಂತ ನೆನಪಿಡ್ಲಿ?”

ವಿದ್ಯಾಧೀಶ ಎದ್ದು ಒಳಕೋಣೆಯ ಲ್ಯಾಪ್‌ಟಾಪ್ ತೆರೆದ. ಶತ್ರು ಅಲ್ಲೇ, ಅವನದೇ ಅಕ್ಷರಗಳಲ್ಲಿ ಕುಳಿತಿದ್ದ. ಪಾತ್ರೆಯ ನೆನಪೋಲೆಗೆಂದು ತಿಥಿಯ ತಾರೀಖಿಗೆ ಇನ್ನೊಂದು ಹೆಸರಿಟ್ಟು, ಅದರ ಮೇಲೆ ಒಂದು ದಿನ ಕೂಡಿಸಿದ್ದ. ಹೆಸರು ಎರಡು, ಡಬ್ಬಿ ಒಂದೇ. ಕೂಡಿಸಿದ ದಿನ ತಿಥಿಗೂ ಕೂಡಿತ್ತು. ಎರಡೂ ಹೆಸರುಗಳ ಮುಂದೆ ಕಾನ್‌ಸ್ಟ್ ಕಾವಲುಗಾರನಂತೆ ಮೀಸೆ ತಿರುವಿ ನಿಂತಿತ್ತು. ಕಾನ್‌ಸ್ಟ್ ಇದ್ದರೂ ಪಟ್ಟಿಗಳು ಒಳಗೊಳಗೇ ಬದಲಾಗುತ್ತವೆಂದು ಅವನು ವರ್ಷಗಟ್ಟಲೆ ಕಲಿಸಿದ್ದ. ತಾರೀಖೂ ಅಂಥದ್ದೇ ಒಂದು ಡಬ್ಬಿಯೆಂದು ಒಮ್ಮೆಯೂ ಹೊಳೆದಿರಲಿಲ್ಲ. ತಾಯಿ ಸತ್ತ ದಿನ ಸರಿಯಬಲ್ಲದೆಂದು ಯಾವ ಮಗನಿಗೆ ಹೊಳೆದೀತು?

“ತಪ್ಪಿದ್ದಕ್ಕ ಅಮಾವಾಸಿಗೆ ಮಾಡ್ಲಿಕ್ಕೆ ಬರ್ತದ,” ಎಂದು ಆಚಾರ್ಯರು ಮೆಲ್ಲಗೆ ಹೇಳಿ, ಊಟ ಮಾಡದೆ ಹೊರಟರು.

ಶ್ರೀಲಕ್ಷ್ಮಿ ಬೈಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದ. ಒಲೆ ಆರಿಸುತ್ತ ತನ್ನಷ್ಟಕ್ಕೇ ಅಂದಳು: “ನಿನ್ನೆ ಬಂದಿರ್ತಾಳ ಆಕಿ. ಮನಿಗೆ ಕೀಲಿ ಹಾಕಿತ್ತು.”

ಅವನು ಮತ್ತೆ ಒಳಕೋಣೆಗೆ ಹೋದ. ಲ್ಯಾಪ್‌ಟಾಪಿನ ಮುಂದೆ ಕೂತು, ತಾರೀಖಿನ ಬೇರೆಯದೇ ಪ್ರತಿ ತೆಗೆದು, ಒಂದು ದಿನವನ್ನು ಅದಕ್ಕೆ ಕೂಡಿಸುವಂತೆ ಆ ಒಂದು ಸಾಲನ್ನು ತಿದ್ದಿದ. ಉಳಿದ ಮನೆಗಳ ತಿಥಿಗಳಿಗೆ ಇನ್ನು ಭಯವಿಲ್ಲ. ಪರೀಕ್ಷೆಗೆಂದು ಅಮ್ಮನ ದಿನವನ್ನು ಮತ್ತೆ ಕೇಳಿದ. ಯಂತ್ರ ಈಗ ಕರಾರುವಾಕ್ಕಾಗಿ, ನಿನ್ನೆಯ ತಾರೀಖು ತೋರಿಸಿತು.