ಗಿರಣಿ ಅಜ್ಜಿಯ ಹಿಮ್ಮಡಿ

ಗಿರಣಿ ಅಜ್ಜಿಯ ಕಣ್ಣರೆಪ್ಪೆಯ ಮೇಲೆ ಯಾವಾಗಲೂ ರಾಗಿ ಹಿಟ್ಟು ಕೂತಿರುತ್ತಿತ್ತು. ಹುಬ್ಬು, ಮೂಗುಬೊಟ್ಟು, ಕೊರಳಲ್ಲಿದ್ದ ಲಿಂಗದ ಕರಡಿಗೆ, ಎಲ್ಲದರ ಮೇಲೂ ಅದೇ ಹಿಟ್ಟು. ಅಜ್ಜಂಪುರದ ನಮ್ಮ ಬೀದಿಯ ಕೊನೆಯಲ್ಲಿದ್ದ ಹಿಟ್ಟಿನ ಗಿರಣಿ ಅವರದು. ಗಂಡ ಹೋದ ಮೇಲೆ ಮೋಟಾರು, ಬೆಲ್ಟು, ಗಿರಾಕಿಗಳ ಜಗಳ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು. ಗಿರಣಿಯ ಸದ್ದಿನಲ್ಲೇ ಬದುಕಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. ಗುಟ್ಟಿನ ಮಾತನ್ನೂ ಬಸ್‌ಸ್ಟ್ಯಾಂಡಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು.

ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಮುಗಿಸಿ ಊರಿಗೆ ಬಂದ ವರ್ಷ, ಆ ಗಿರಣಿಗೆ ಹೋಗುವುದೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು. ಡಬ್ಬ ಹಿಡಿದು ನಿಂತ ಹೆಂಗಸರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಕೆಲ್ಸ ಸಿಕ್ತೇನೇ?" ಎಲ್ಲಿಂದ ಸಿಗಬೇಕು? ತರೀಕೆರೆಯಲ್ಲಿ ಕೇಳಿದ್ದೆ, ಬೀರೂರಿನಲ್ಲಿ ಕೇಳಿದ್ದೆ, ಕಡೂರಿನಲ್ಲಂತೂ ಇದ್ದಬದ್ದ ನರ್ಸಿಂಗ್ ಹೋಮುಗಳ ಮೆಟ್ಟಿಲೆಲ್ಲ ಹತ್ತಿ ಇಳಿದಿದ್ದೆ. ಎಲ್ಲ ಕಡೆ ಒಂದೇ ರಾಗ, "ಎಕ್ಸ್‌ಪೀರಿಯನ್ಸ್ ಇದೆಯಾ?" ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ತರಲಿ, ಅದೇನು ಸಂತೆಯಲ್ಲಿ ಸಿಗುತ್ತದೆಯೇ? ಅಪ್ಪ ಬೈಯಲಿಲ್ಲ. ಯುಗಾದಿಯವರೆಗೆ ನೋಡೋಣ, ಆಮೇಲೆ ಬಂದಿರುವ ಸಂಬಂಧಕ್ಕೆ ಹೂಂ ಅಂದುಬಿಡು ಅಂದರು. ಆ ಗಂಡಿನ ಕಡೆಯವರಿಗೆ ಸೊಸೆ ಡ್ಯೂಟಿಗೆ ಹೋಗುವುದು ಬೇಡವಾಗಿತ್ತು. ಹೂಂ ಅಂದರೆ ನಾನು ಓದಿದ್ದೆಲ್ಲ ಅಲ್ಲಿಗೆ ಮುಗಿದಂತೆ.

ಒಂದು ದಿನ ಗಿರಣಿಯಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬಾಕೆ, "ಓದ್ಸೋ ಬದ್ಲು ಮದ್ವೆ ಮಾಡಿದ್ರೆ ಇಷ್ಟೊತ್ತಿಗೆ ತೊಟ್ಲು ತೂಗ್ತಿದ್ಲು" ಅಂದಳು. ಅಜ್ಜಿ ಮೋಟಾರು ನಿಲ್ಲಿಸಿದರು. ಕರೆಂಟು ಇರುವಾಗ ಅವರು ಮೋಟಾರು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀನು ತೂಗ್ತಿದೀಯಲ್ಲ, ಅಷ್ಟು ಸಾಕು" ಎಂದು ಆಕೆಯ ಬಾಯಿ ಮುಚ್ಚಿಸಿ, ಅಜ್ಜಿ ನನ್ನ ಕಡೆ ತಿರುಗಿ ಬಲಗಾಲು ಚಾಚಿದರು. "ಓದಿದೀಯಲ್ಲ, ಇದನ್ನ ನೋಡೇ."

ಹಿಮ್ಮಡಿಯಲ್ಲಿ ಸಕ್ಕರೆ ಕಾಯಿಲೆಯ ಗಾಯ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ ಅಂದಿದ್ದರಂತೆ. ಗಿರಣಿ ಬಿಟ್ಟು ಹೋಗುವವರು ಯಾರು? ಅಜ್ಜಿ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಕೂತಿದ್ದರು. ಅದರ ಮೇಲೆ ದಿನವೂ ಹಿಟ್ಟು ಹಾರಿ ಕೂತು ಗಟ್ಟಿಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇದೇನು ಕಾಲೋ ಕಡುಬೋ ಅಜ್ಜಿ? ಬೆರಳು ಕಳ್ಕೊಂಡೋರ್ನ ನೋಡಿದೀನಿ ನಾನು. ಗಿರಣಿ ದೊಡ್ಡದಾ, ಕಾಲು ದೊಡ್ಡದಾ?"

ಅಜ್ಜಿ ನಕ್ಕುಬಿಟ್ಟರು. "ಹಂಗೆ ಬೈಯಿ. ನರ್ಸು ಅಂದ್ರೆ ಹಂಗಿರ್ಬೇಕು."

ಅವತ್ತೇ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮಾರನೆಯ ದಿನದಿಂದ ಡಾಕ್ಟರು ಹೇಳಿದಂತೆ ನಾನೇ ಡ್ರೆಸ್ಸಿಂಗ್ ಮಾಡತೊಡಗಿದೆ. ಗಿರಣಿಯ ಹಿಂದೆ ಅವರ ಮನೆ. ಹಿಟ್ಟಿನ ಧೂಳು ಬಾರದಂತೆ ಬಾಗಿಲು ಹಾಕಿ, ಅವರ ಕೈಕಾಲು ತೊಳೆಸಿ ಕೂರಿಸುತ್ತಿದ್ದೆ. ಯೂನಿಫಾರ್ಮ್ ಹಾಕಿಕೊಂಡೇ ಬರಬೇಕೆಂದು ಅಜ್ಜಿಯ ಹಟ. "ಇಲ್ಲಿ ಯಾರು ನೋಡ್ತಾರಜ್ಜಿ?" ಅಂದರೆ, "ನಾನು ನೋಡ್ತೀನಲ್ಲ" ಅನ್ನುತ್ತಿದ್ದರು. ಮೊದಲ ದಿನ ನನ್ನ ಬೆರಳು ನಡುಗಿದವು. ಕಾಲೇಜಿನಲ್ಲಿ ಮೇಡಮ್ಮು ಪಕ್ಕದಲ್ಲಿರುತ್ತಿದ್ದರು, ಇಲ್ಲಿ ತಪ್ಪಿದರೆ ನಾನೇ ಹೊಣೆ. ಅಜ್ಜಿಗೆ ಅದು ಗೊತ್ತಾಯಿತು. "ನಡುಗ್ಲಿ ಬಿಡು, ನಿಧಾನಕ್ಕೆ ಮಾಡು. ಕಾಲೇನು ಓಡೋಗಲ್ಲ" ಅಂದರು. ಯಾವ ಆಸ್ಪತ್ರೆಯವರೂ ನನಗೆ ಹೇಳದಿದ್ದ ಮಾತು ಅದು. ಬೆಳಗ್ಗೆ ಎದ್ದು ಹೋಗಲು ನನಗೂ ಒಂದು ಜಾಗ ಇದೆ ಅನ್ನಿಸಿದ್ದೇ ಒಂದು ಸುಖ.

ನಡುವೆ ಅಜ್ಜಿ ಹೋಳಿಗೆ ಕದ್ದು ತಿಂದು ಸಿಕ್ಕಿಬಿದ್ದು ನನ್ನಿಂದ ಬೈಸಿಕೊಂಡರೂ, ಯುಗಾದಿ ಹತ್ತಿರ ಬರುವಷ್ಟರಲ್ಲಿ ಗಾಯ ಪೂರ್ತಿ ಕೂಡಿಕೊಂಡಿತು. ಅದೇ ವಾರ ಕಡೂರಿನ ಒಂದು ನರ್ಸಿಂಗ್ ಹೋಮಿನಿಂದ ಇಂಟರ್‌ವ್ಯೂಗೆ ಕರೆ ಬಂತು. "ನಾನೂ ಬತ್ತೀನಿ" ಎಂದು ಅಜ್ಜಿ ಗಿರಣಿಗೆ ಬೀಗ ಹಾಕಿ, ಮುಖ ತೊಳೆದು, ಆಧಾರ್ ಕಾರ್ಡ್ ಹಿಡಿದು ಹೊರಟೇಬಿಟ್ಟರು. ಹೆಂಗಸರಿಗೆ ಪುಕ್ಕಟೆಯಿರುವ ಸರ್ಕಾರಿ ಬಸ್ಸೇ ಬೇಕೆಂದು ಒಂದು ಪ್ರೈವೇಟ್ ಬಸ್ಸನ್ನೂ ಬಿಟ್ಟರು.

ಅಜ್ಜಿಯನ್ನು ಹೊರಗೆ ಕೂರಿಸಿ ಹೋದೆ. ಒಳಗೆ ನರ್ಸಿಂಗ್ ಹೋಮಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿ, ಕೊನೆಗೆ ಆ ಅನುಭವದ ಪ್ರಶ್ನೆಗೇ ಬಂದರು. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

"ಡಾಕ್ಟ್ರೇ, ಅನುಬವ ಕೇಳ್ತಿದೀರಲ್ಲ, ಇಲ್ಲೈತೆ ನೋಡಿ" ಎಂದವರೇ ಅಜ್ಜಿ ರೋಗಿಗಳ ಸ್ಟೂಲಿನ ಮೇಲೆ ಬಲಗಾಲು ಇಟ್ಟರು. ಹೊರಗೆ ಚೀಟಿ ಹಿಡಿದು ಕೂತಿದ್ದವರೆಲ್ಲ ಎದ್ದು ಬಂದು ಇಣುಕಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಡಾಕ್ಟರು ಬೈಯಲಿಲ್ಲ. ಬಗ್ಗಿ ಹಿಮ್ಮಡಿ ನೋಡಿದರು, ಒತ್ತಿ ನೋಡಿದರು. ಮೊದಲು ಎಷ್ಟು ಆಳವಿತ್ತು, ಹೇಗೆ ತೊಳೆದೆ, ಕೀವು ಕಂಡಾಗ ಏನು ಮಾಡಿದೆ ಎಂದು ಒಂದಾದ ಮೇಲೊಂದು ಕೇಳಿದರು. ಗೊತ್ತಿದ್ದದ್ದೇ ಆಗಿದ್ದರಿಂದ ಎಲ್ಲಕ್ಕೂ ಉತ್ತರ ಹೇಳಿದೆ. "ಸೋಮವಾರದಿಂದ ಬಾಮ್ಮ" ಅಂದರು. "ಅಜ್ಜೀನ ಮಾತ್ರ ದಿನಾ ಕರ್ಕೊಂಡ್ ಬರ್ಬೇಡ."

ಗಂಡಿನ ಕಡೆಯವರಿಗೆ ಅಪ್ಪನೇ ಫೋನ್ ಮಾಡಿ ಬೇಡ ಅಂದರು.

ಹೋದ ವರ್ಷ ಅಜ್ಜಿಗೆ ಎದೆನೋವು ಬಂದು ನಮ್ಮ ವಾರ್ಡಿಗೇ ತಂದರು. ಎರಡನೆಯ ದಿನ ಸ್ವಲ್ಪ ಚೇತರಿಸಿಕೊಂಡಿದ್ದರು. ಡ್ರಿಪ್ಪಿನ ಸೂಜಿ ಬದಲಾಯಿಸಬೇಕಿತ್ತು. ನಾನು ಕೈ ಹಿಡಿದೆ. ಅದೇ ವಾರ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಟ್ರೇ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಅಜ್ಜಿ ಅವಳನ್ನೇ ನೋಡಿದರು.

"ನೀನು ಬಿಡೇ. ಆ ಮಗು ಚುಚ್ಲಿ."

"ಬೇಡಜ್ಜಿ, ನರ ಸರಿಯಾಗಿ ಸಿಗ್ತಿಲ್ಲ. ನೋವಾಗುತ್ತೆ."

"ಆಗ್ಲಿ ಕಣೇ. ಅವ್ಳಿಗೆ ಇನ್ಯಾರು ಕೈ ಕೊಡ್ತಾರೆ?"

ಮೊದಲ ಸಲ ತಪ್ಪಿತು. ಹುಡುಗಿಯ ಕಣ್ಣು ತುಂಬಿಕೊಂಡವು. ಅಜ್ಜಿ ಇನ್ನೊಂದು ಕೈ ಚಾಚಿದರು. ಈ ಸಲ ಸರಿಯಾಗಿ ಕೂತಿತು.

ಮರುದಿನ ಬೆಳಗ್ಗೆ ಎದೆನೋವು ಮರುಕಳಿಸಿ ಅಜ್ಜಿ ಹೋಗಿಬಿಟ್ಟರು. ನಾನೂ ಅತ್ತುಬಿಟ್ಟೆ, ಆ ಹುಡುಗಿ ನನಗಿಂತ ಹೆಚ್ಚು ಅತ್ತಳು. ಅಜ್ಜಿಯ ಋಣವನ್ನು ಹೇಗೆ ತೀರಿಸುವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಾವಿನ ನಂತರ ಮೈ ಒರೆಸಿ ಸಿದ್ಧ ಮಾಡುವುದೂ ನಮ್ಮದೇ ಕೆಲಸ. ಆ ಹುಡುಗಿ ಅದನ್ನು ಎಂದೂ ಮಾಡಿರಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡು ಪರದೆ ಎಳೆದೆವು. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಅವಳ ಕೈಗೆ ಕೊಟ್ಟು, "ನಿಧಾನಕ್ಕೆ ಮಾಡು, ನಾನಿಲ್ಲೇ ಇದೀನಿ" ಅಂದೆ.