ಹಲಗೆ ಬೀಗರದು, ಕಾಲು ನಮ್ಮದು

ನಮ್ಮ ಯಜಮಾನರು ಬಡಗಿ. ಬಾಗಿಲು, ಕಿಟಕಿ, ಕಪಾಟು ಮಾಡಿ ಮಾಡಿಯೇ ತಲೆ ನರೆಸಿಕೊಂಡವರು. ಕುಡಿತವಿಲ್ಲ, ಇಸ್ಪೀಟಿಲ್ಲ, ಇರುವುದೊಂದೇ ಚಟ, ಹೊಟ್ಟೆಕಿಚ್ಚು. ಯಾರ ಮನೆಗೆ ಹೋದರೂ ಕೂರುವ ಮುಂಚೆ ಕುರ್ಚಿಯನ್ನು ಬೋರಲು ಹಾಕಿ ನೋಡುತ್ತಾರೆ. ಕೆಲಸ ಕೆಟ್ಟದಾಗಿದ್ದರೆ ಮುಖ ಅರಳುತ್ತದೆ. ಚೆನ್ನಾಗಿದ್ದರೆ ಮುಗಿಯಿತು, ಅವತ್ತು ಊಟ ಸೇರುವುದಿಲ್ಲ. ಎದುರುಮನೆ ದರ್ಜಿಯ ಹೊಲಿಗೆ ಅಚ್ಚುಕಟ್ಟು ಎಂದು ನಾನೊಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದರು. ಬಟ್ಟೆಗೂ ಮರಕ್ಕೂ ಎಲ್ಲಿಯ ಸಂಬಂಧ ಸ್ವಾಮಿ!

ಇಂಥವರಿಗೆ ಬೀಗರಾಗಿ ಸಿಕ್ಕವರು ರಿಟೈರಾದ ಬಸ್ ಡ್ರೈವರು. ಕೈಗೆ ಕೆಲಸವಿಲ್ಲದೆ ಬೇಜಾರಾಗಿ, ಎಲ್ಲೆಲ್ಲಿಂದಲೋ ಹಳೇ ಹಲಗೆ ತಂದು ಮರಗೆಲಸ ಕಲಿತವರು. ಅವರ ಮೊದಲನೇ ಸ್ಟೂಲು ನೋಡಿ ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಆ ಮನುಷ್ಯ ಸೊಸೆಗೆ, ಅಂದರೆ ನಮ್ಮ ಮಗಳಿಗೆ, ಪುಸ್ತಕದ ಶೆಲ್ಫ್ ಮಾಡಿಕೊಟ್ಟರು. ಅವಳು ಅದರ ಫೋಟೋವನ್ನು ಊರಿಗೆಲ್ಲ ಕಳಿಸಿದಳು. ಅಪ್ಪನಿಗೂ ಕಳಿಸಿದಳು, ಪೆದ್ದಿ. ಅಂದಿಗೆ ಇವರ ನಗು ನಿಂತಿತು.

ಮಗಳು ಹೊಸ ಮನೆಗೆ ಹೋದ ಮೇಲೆ ಊಟದ ಮೇಜು ಬೇಕೆಂದಳು. ನಮ್ಮವರು ಮನಸ್ಸಿನಲ್ಲೇ ಇಡೀ ಮೇಜು ಮಾಡಿ, ಪಾಲಿಶ್ ಹೊಡೆದು ಮುಗಿಸಿದ್ದರು. ಅಷ್ಟರಲ್ಲಿ ಅವಳ ಫೋನು ಬಂತು.

"ಅಪ್ಪಾ, ಮೇಲಿನ ಹಲಗೆ ಮಾವ ಮಾಡ್ತಾರಂತೆ. ಕಾಲು ನೀನು ಮಾಡಿಕೊಡ್ತೀಯಾ?"

"ಅದಕ್ಕೇನಮ್ಮ, ಮಾಡೋಣ," ಎಂದು ಫೋನಿಟ್ಟರು. ಇಟ್ಟವರೇ ನನ್ನ ಮೇಲೆ ಹರಿಹಾಯ್ದರು. "ಕೇಳಿದ್ಯೇನೇ? ತಲೆ ಆ ಡ್ರೈವರಿಗೆ, ಕಾಲು ನನಗೆ! ಮೇಜಿನ ಕಾಲು ಯಾರು ನೋಡ್ತಾರೆ? ಚಮಚ ಕೆಳಗೆ ಬಿದ್ರೆ ಬಗ್ಗಿ ನೋಡಬೇಕು, ಅಷ್ಟೆ!"

"ನೀವು ನೋಡ್ತೀರಲ್ಲ," ಎಂದೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಮರದ ಡಿಪೋದಿಂದ 'ಎರಡು-ನಾಲ್ಕು' ತಂದರು. ಇದೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎರಡಿಂಚು ದಪ್ಪ, ನಾಲ್ಕಿಂಚು ಅಗಲ ಎಂದು ಡಿಪೋದವರು ಮಾರುವ ರೆಡಿ ಪಟ್ಟಿಗೆ ಟೇಪು ಹಿಡಿದರೆ ಸಿಗುವುದು ಒಂದೂವರೆ, ಮೂರೂವರೆ. ಗರಗಸದಿಂದ ಹಸಿಯಾಗಿ ಬರುವಾಗ ಎರಡು-ನಾಲ್ಕೇ. ಒಣಗಿಸಿ ಮಶಿನ್ನಿಗೆ ಕೊಟ್ಟು ನಯ ಮಾಡುವಷ್ಟರಲ್ಲಿ ಅರ್ಧರ್ಧ ಇಂಚು ಹೋಗಿರುತ್ತದೆ. ಮರ ಸವೆಯುತ್ತದೆ, ಹೆಸರು ಸವೆಯುವುದಿಲ್ಲ. ಬಡಗಿಗೆ ಇದು ಗೊತ್ತು, ಬಡಗಿಯ ಹೆಂಡತಿ ಮಕ್ಕಳಿಗೂ ಗೊತ್ತು. ಹಳೇ ಹಲಗೆ ಕೆತ್ತುವ ಬಸ್ ಡ್ರೈವರಿಗೆ ಎಲ್ಲಿಂದ ಗೊತ್ತಾಗಬೇಕು?

ನಮ್ಮವರು ಊಟ ನಿದ್ದೆ ಬಿಟ್ಟು ಕೆಲಸಕ್ಕೆ ಕೂತರು. ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಅಂಟಿಸಿ ದಪ್ಪ ಕಾಲು ಮಾಡಿದರು. ಮೂಲೆಮಟ್ಟ ಹಿಡಿದು ನಿಲ್ಲಿಸಿ, ತೂತಿಗೆ ಗೂಟ ಬಡಿದು, ಕಾಲುಗಳ ನಡುವೆ ಉದ್ದದ ಪಟ್ಟಿ ಕೊಟ್ಟು ಬಿಗಿದರು. ಮೇಲೆ ಎರಡು ಅಡ್ಡಪಟ್ಟಿ ಮಲಗಿಸಿದರು; ಹಲಗೆ ಕೂರಬೇಕಾದದ್ದು ಅವುಗಳ ಮೇಲೆ. ಸುಳ್ಳೇಕೆ ಹೇಳಲಿ, ಅಂಥ ಕಾಲು ನಾನು ನೋಡಿರಲಿಲ್ಲ. ಮೇಲೆ ಹತ್ತಿ ಕುಣಿದರೂ ಮಿಸುಕಾಡದು. "ಇದಕ್ಕೆ ಹಲಗೆ ಬೇರೆ ಕೇಡು," ಎಂದು ಗೊಣಗಿದರು.

ಆ ಹೊತ್ತಿಗೇ ಬೀಗರ ಫೋನು. "ಬೀಗ್ರೇ, ಹಲಗೆ ಅಡೀಲಿ ನಿಮ್ಮ ಅಡ್ಡಪಟ್ಟಿ ಕೂರೋ ಹಾಗೆ ಕಚ್ಚು ಕೊರೀತಿದ್ದೀನಿ. ಪಟ್ಟಿ ಅಗಲ ಎಷ್ಟಿದೆ?"

ಇವರು ಪಟ್ಟಿಯನ್ನು ನೋಡಿದರು. ನನ್ನನ್ನು ನೋಡಿದರು. "ನಾಲ್ಕಿಂಚು," ಎಂದರು.

"ಮೂರೂವರೆ ಅಲ್ವೇನ್ರೀ?" ಎಂದೆ, ಫೋನಿಟ್ಟ ಮೇಲೆ.

"ಡಿಪೋದಲ್ಲಿ ಏನಂತಾರೆ? ನಾಲ್ಕಿಂಚು ಅಂತಾರೆ. ನಾನೇನು ಸುಳ್ಳು ಹೇಳಿದ್ನಾ?" ಎಂದು ಶಿಳ್ಳೆ ಹಾಕುತ್ತಾ ಕೈ ತೊಳೆಯಲು ಹೋದರು. ಮಗಳೆದುರು ಆ ಹಲಗೆ ಲೊಡಲೊಡ ಅನ್ನಬೇಕು, ಆಗ ಅವಳಿಗೆ ಬಡಗಿ ಯಾರು, ಡ್ರೈವರು ಯಾರು ಗೊತ್ತಾಗಬೇಕು. ಅವರ ಆಸೆ ಇಷ್ಟೇ.

ಭಾನುವಾರ ಮಗಳ ಮನೆಯಲ್ಲಿ ಎಲ್ಲರೂ ಸೇರಿದೆವು. ಹಲಗೆ ನೋಡಿ ನನಗೇ ಹೊಟ್ಟೆಕಿಚ್ಚಾಯಿತು. ಒಂದೇ ಮರದ ಅಗಲ ಹಲಗೆ, ಮುಖ ಕಾಣುವಂಥ ಪಾಲಿಶ್. ನಮ್ಮವರ ಮುಖ ಅದರಲ್ಲಿ ಹುಳ್ಳಹುಳ್ಳಗೆ ಕಂಡಿತು. ಬೀಗರೂ ಅಳಿಯಂದಿರೂ ಎತ್ತಿ ಕಾಲಿನ ಮೇಲೆ ಇಟ್ಟರು. ಮಗಳು ಆಸೆಯಿಂದ ಎರಡೂ ಕೈ ಊರಿದಳು. ಲೊಡಕ್! ಹಲಗೆ ಅತ್ತ ಸರಿಯಿತು, ಇತ್ತ ಸರಿಯಿತು.

ಬೀಗರ ಮುಖ ಇಂಗು ತಿಂದ ಮಂಗನಂತಾಯಿತು. "ನಾಲ್ಕಿಂಚು ಕರೆಕ್ಟಾಗೇ ಕೊರೆದಿದ್ದೆ. ಬಂದು ಒಂದ್ಸಲ ಅಳೆದು ನೋಡ್ಲಾ ಅಂದ್ಕೊಂಡೆ. ಬೀಗ್ರಂಥ ಕೆಲಸಗಾರ್ರು ಹೇಳಿದ ಮೇಲೆ ಟೇಪು ಹಿಡ್ಕೊಂಡು ಹೋದ್ರೆ ಅವ್ರಿಗೆ ಅವಮಾನ ಅಲ್ವಾ ಅಂತ ಸುಮ್ಮನಾದೆ," ಎಂದರು.

ನಮ್ಮವರು ದಾರಿಯುದ್ದಕ್ಕೂ ಚುಚ್ಚುಮಾತು ಕಟ್ಟಿಕೊಂಡು ಬಂದಿದ್ದರು. ಬೀಗರ ಮುಂದೆ ಬಾಯಿಗೇ ಬೀಗ ಬಿತ್ತು.

ಮಗಳು ಅಪ್ಪನನ್ನು ಅಡುಗೆಮನೆಗೆ ಕರೆದಳು. ನಾನೂ ಹಿಂದೆಯೇ ಹೋದೆ. ಮರದ ಹೊಟ್ಟಿನಲ್ಲಿ ಆಡಿ ಬೆಳೆದ ಹುಡುಗಿ ಅವಳು.

"ಅಪ್ಪಾ, ಮಾವ ಕೇಳಿದ್ದು ಅಳತೆನಾ, ಹೆಸರಾ?"

"ಅಳತೆ," ಎಂದರು ಮೆಲ್ಲಗೆ.

"ನೀನು ಹೇಳಿದ್ದು?"

ಇವರು ಉಗುರಿಗೆ ಮೆತ್ತಿದ್ದ ಅಂಟು ಕೆರೆಯತೊಡಗಿದರು. ಅವಳ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಲು ಹೋದ ನನ್ನ ಕೈಯನ್ನು ಆಚೆ ತಳ್ಳಿ, ತಾನೇ ಒರೆಸಿಕೊಂಡು ನಡುಮನೆಗೆ ಹೋದಳು.

"ಮಾವ, ನಿಮ್ಮದೇನೂ ತಪ್ಪಿಲ್ಲ," ಎನ್ನುವುದು ಕೇಳಿಸಿತು. ನಮ್ಮವರು ಗೋಡೆಗೆ ಒರಗಿದರು. "ಅಪ್ಪಂಗೆ ಈಚೆಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಫೋನಲ್ಲಿ ನೀವೇನು ಕೇಳಿದ್ರೋ, ಅವರೇನು ಹೇಳಿದ್ರೋ."

"ಅಯ್ಯೋ ಪಾಪ! ಮೊದಲೇ ಹೇಳಬಾರದೇನಮ್ಮ!" ಎನ್ನುತ್ತಾ ಬೀಗರು ಒಳಗೇ ಬಂದರು. ಇವರ ಹೆಗಲ ಮೇಲೆ ಕೈ ಹಾಕಿ, ಕಿವಿಯ ಹತ್ತಿರ ಬಾಯಿ ತಂದು, ಬೀದಿಗೆಲ್ಲ ಕೇಳುವಂತೆ ಕೂಗಿದರು. "ಬೀಗ್ರೇ! ಕಾಲು! ತುಂಬಾ! ಚೆನ್ನಾಗಿದೆ! ನಾನು! ಇಂಥ ಕೆಲಸ! ನೋಡಿಲ್ಲ!"

ಬಾಗಿಲಲ್ಲಿ ಮಗಳು ನಿಂತಿದ್ದಳು. ನಮ್ಮವರು ಅವಳ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಇವರು ನಿಧಾನವಾಗಿ ಅಂಗೈಯನ್ನು ಕಿವಿಗೆ ಹಿಡಿದು, "ಆಂ?" ಎಂದರು.